ಕಲ್ಯಾಣದ ಕಣದಲ್ಲಿ ಎರಡು ಅಳತೆ

2021ರ ಏಪ್ರಿಲ್ 17. ಕೋವಿಡ್ ಎರಡನೇ ಅಲೆ ದಿನದಿಂದ ದಿನಕ್ಕೆ ಏರುತ್ತಿತ್ತು. ಬಸವಕಲ್ಯಾಣ ವಿಧಾನಸಭಾ ಕ್ಷೇತ್ರದಲ್ಲಿ ಅಂದು ಉಪಚುನಾವಣೆ. ಹೋಬಳಿ ಕೇಂದ್ರವಾದ ಮುಡಬಿಯಿಂದ ಹಿಡಿದು ಶರಣರ ಗವಿಗಳಿರುವ ಪಟ್ಟಣದವರೆಗೆ ಜನ ಮಾಸ್ಕ್ ಕಟ್ಟಿಕೊಂಡು ಮತಗಟ್ಟೆಗೆ ಬಂದರು. ಕಾಂಗ್ರೆಸ್ ಅಭ್ಯರ್ಥಿ ಮಾಲಾ ನಾರಾಯಣರಾವ್. ಅವರ ಪತಿ, ಶಾಸಕ ಬಿ. ನಾರಾಯಣರಾವ್ 2020ರ ಸೆಪ್ಟೆಂಬರ್ 24ರಂದು ಕೋವಿಡ್‌ನಿಂದ ತೀರಿಕೊಂಡಿದ್ದರು. ಅವರ ಸಾವಿನಿಂದ ತೆರವಾದ ಸ್ಥಾನಕ್ಕೇ ಈ ಮತದಾನ.

ಅದೇ ದಿನ ರಾಜ್ಯದ ಇನ್ನೊಂದು ಅಂಚಿನಲ್ಲಿ, ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ, ಬಿಜೆಪಿಯಿಂದ ಮಂಗಲಾ ಅಂಗಡಿ ಕಣದಲ್ಲಿದ್ದರು. ಅವರ ಪತಿ, ಕೇಂದ್ರ ರೈಲ್ವೆ ಖಾತೆಯ ರಾಜ್ಯ ಸಚಿವ ಸುರೇಶ ಅಂಗಡಿ ತೀರಿಕೊಂಡದ್ದು ನಾರಾಯಣರಾವ್ ಅವರಿಗಿಂತ ಒಂದೇ ದಿನ ಮೊದಲು, ಸೆಪ್ಟೆಂಬರ್ 23ರಂದು. ಕಾರಣ ಅದೇ ಕೋವಿಡ್. ಪಕ್ಷ ಬೇರೆ, ಊರು ಬೇರೆ, ಜಾತಿ ಲೆಕ್ಕಾಚಾರ ಬೇರೆ. ಆದರೆ ಇಬ್ಬರ ಹೆಸರಿನ ಹಿಂದೆಯೂ ಒಂದೇ ಮಾತು ಅಂಟಿಕೊಂಡಿತ್ತು: ಅನುಕಂಪದ ಅಭ್ಯರ್ಥಿ.

ಮೇ 2ರಂದು ಫಲಿತಾಂಶ ಬಂತು. ಬಸವಕಲ್ಯಾಣದಲ್ಲಿ ಬಿಜೆಪಿಯ ಶರಣು ಸಲಗರ 20 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಬೆಳಗಾವಿಯಲ್ಲಿ ಮಂಗಲಾ ಅಂಗಡಿ, ಕಾಂಗ್ರೆಸ್‌ನ ಸತೀಶ ಜಾರಕಿಹೊಳಿ ಅವರಂಥ ಪಳಗಿದ ನಾಯಕನನ್ನು 5,240 ಮತಗಳಿಂದ ಸೋಲಿಸಿದರು. ಒಬ್ಬರು ಸೋತರು, ಒಬ್ಬರು ಗೆದ್ದರು. ಮುಂದಿನ ಸಲ ಇಬ್ಬರಿಗೂ ಟಿಕೆಟ್ ಸಿಗಲಿಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ ಬಸವಕಲ್ಯಾಣದ ಕಾಂಗ್ರೆಸ್ ಟಿಕೆಟ್ ಹೋದದ್ದು ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರ ಮಗ ವಿಜಯ್ ಸಿಂಗ್ ಅವರಿಗೆ. ಅವರೂ ಶರಣು ಸಲಗರ ಎದುರು ಸೋತರು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿಯ ಬಿಜೆಪಿ ಟಿಕೆಟ್ ಹಾಲಿ ಸಂಸದೆಯಾಗಿದ್ದ ಮಂಗಲಾ ಅಂಗಡಿಯವರ ಕೈತಪ್ಪಿ, ಅವರ ಬೀಗರಾದ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರಿಗೆ ದಕ್ಕಿತು. ಶೆಟ್ಟರ್ ಅದಕ್ಕೂ ಹಿಂದಿನ ವರ್ಷ ಬಿಜೆಪಿ ತೊರೆದು, ಕಾಂಗ್ರೆಸ್‌ನಿಂದ ಹುಬ್ಬಳ್ಳಿಯಲ್ಲಿ ನಿಂತು ಸೋತು, ಮತ್ತೆ ಮಾತೃಪಕ್ಷಕ್ಕೆ ಮರಳಿದವರು.

ಟಿಕೆಟ್ ಹಂಚಿಕೆಗೆ ನೂರೆಂಟು ಕಾರಣಗಳಿರುತ್ತವೆ ನಿಜ. ಸಮೀಕ್ಷೆ, ಜಾತಿ, ಹಣ, ಬಣ ರಾಜಕೀಯ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೂ ಲೆಕ್ಕ ಕಣ್ಣಿಗೆ ರಾಚುತ್ತದೆ. ಗಂಡಸಿನ ಸೋಲು ಅನುಭವ ಎನಿಸಿಕೊಳ್ಳುತ್ತದೆ, ಪಕ್ಷಾಂತರವೂ ಕ್ಷಮೆಗೆ ಪಾತ್ರವಾಗುತ್ತದೆ. ಸ್ವತಃ ನಾರಾಯಣರಾವ್ ಸೋಲು ಉಂಡೇ 2018ರಲ್ಲಿ 17 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದು ವಿಧಾನಸೌಧದ ಮೆಟ್ಟಿಲು ಹತ್ತಿದವರು. ಹೆಣ್ಣುಮಗಳಿಗೆ ಮಾತ್ರ ಎಷ್ಟೋ ಸಲ ಮೊದಲ ಸೋಲೇ ಕೊನೆಯ ಸೋಲಾಗುತ್ತದೆ. ಗೆದ್ದರೂ ಆ ಗೆಲುವು ಅವಳದ್ದಲ್ಲ, ತೀರಿಹೋದವರದ್ದು.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಇನ್ನೊಂದು ಫಲಿತಾಂಶ ಬೀದರ್ ಜಿಲ್ಲೆಯದ್ದೇ. 2024ರಲ್ಲಿ ಬೀದರ್ ಲೋಕಸಭಾ ಕ್ಷೇತ್ರದಿಂದ ಸಾಗರ ಖಂಡ್ರೆ ಗೆದ್ದಾಗ ಅವರಿಗೆ 26 ವರ್ಷ. ತಂದೆ ಸಚಿವ ಈಶ್ವರ ಖಂಡ್ರೆ, ಅಜ್ಜ ಮಾಜಿ ಸಚಿವ ಭೀಮಣ್ಣ ಖಂಡ್ರೆ. ಕುಟುಂಬ ರಾಜಕಾರಣದ ಟೀಕೆ ಅವರ ಮೇಲೂ ಬಂತು. ಆದರೆ ತಂದೆಯ ಹೆಸರು ಹಿಡಿದು ಮತ ಕೇಳಬಾರದು, ಮನೆಯಲ್ಲಿರಬೇಕಿತ್ತು ಎಂದು ಅವರಿಗೆ ಯಾರೂ ಹೇಳಲಿಲ್ಲ. ಮಗನಿಗೆ ಮನೆತನದ ಹೆಸರು ಆಸ್ತಿ. ಹೆಂಡತಿಗೆ ಅದೇ ಹೆಸರು ಆರೋಪ.

ಮಂಡ್ಯದಲ್ಲಿ ಇದು ಬಾಯಿಬಿಟ್ಟೇ ಕೇಳಿಬಂತು. ನಟ, ರಾಜಕಾರಣಿ ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಮರುವರ್ಷದ ಲೋಕಸಭಾ ಚುನಾವಣೆಗೆ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಲ್ಲುವ ಸೂಚನೆ ಕೊಟ್ಟಾಗ, ಅಂದಿನ ಲೋಕೋಪಯೋಗಿ ಸಚಿವ ಎಚ್.ಡಿ. ರೇವಣ್ಣ, ಗಂಡ ತೀರಿಕೊಂಡು ಇನ್ನೂ ದಿನ ಕಳೆದಿಲ್ಲ, ಆಗಲೇ ರಾಜಕೀಯ ಬೇಕಿತ್ತೇ ಎಂಬರ್ಥದ ಮಾತಾಡಿದರು. 2019ರ ಮಾರ್ಚ್ ತಿಂಗಳು ಅದು. ಮಹಿಳಾ ದಿನಾಚರಣೆಯ ಆಸುಪಾಸು. ಮಾತಿಗೆ ರಾಜ್ಯದಾದ್ಯಂತ ವಿರೋಧ ಎದ್ದಿತು. ರೇವಣ್ಣ ಅವರ ತಮ್ಮ ಎಚ್.ಡಿ. ಕುಮಾರಸ್ವಾಮಿ ಆಗ ಮುಖ್ಯಮಂತ್ರಿಯಾಗಿದ್ದರು. ಕಣದಲ್ಲಿ ಸುಮಲತಾ ಎಂಬ ಹೆಸರಿನ ಬೇರೆ ಮಹಿಳೆಯರೂ ಕಾಣಿಸಿಕೊಂಡರು. ಮಂಡ್ಯದ ಸೊಸೆ ಹೌದೋ ಅಲ್ಲವೋ, ಆಂಧ್ರದವಳೋ ಗೌಡರ ಮನೆಯವಳೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಕೊನೆಗೆ ಅವರು ಮುಖ್ಯಮಂತ್ರಿಯ ಮಗ ನಿಖಿಲ್ ಅವರನ್ನು 1,25,876 ಮತಗಳ ಅಂತರದಿಂದ ಸೋಲಿಸಿದರು.

ಸುಮಲತಾಗೆ ಕೇಳಿದ ಪ್ರಶ್ನೆ ಗಂಡ ಹೋದ ಮೇಲೆ ಇಷ್ಟು ಬೇಗ ಯಾಕೆ ಎಂಬುದು. 2020ರಲ್ಲಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಉಪಚುನಾವಣೆಗೆ ನಿಂತ ಎಚ್. ಕುಸುಮಾ ಅವರಿಗೆ ಎದುರಾದದ್ದು ಅದರ ತದ್ವಿರುದ್ಧ ಪ್ರಶ್ನೆ. ಅವರ ಪತಿ, ಐಎಎಸ್ ಅಧಿಕಾರಿ ಡಿ.ಕೆ. ರವಿ ತೀರಿಕೊಂಡು ಐದು ವರ್ಷ ಕಳೆದಿತ್ತು. ಆಗ ಎದ್ದ ತಕರಾರು, ಇಷ್ಟು ವರ್ಷದ ಮೇಲೆ ರವಿ ಹೆಸರು ಹೇಳುವ ಹಕ್ಕು ಇವರಿಗೆಲ್ಲಿದೆ ಎಂಬುದು. ಬೇಗ ಬಂದರೆ ದುಃಖ ಸಾಲದು, ತಡವಾಗಿ ಬಂದರೆ ಹಕ್ಕು ಸಾಲದು. ಹಾಗಾದರೆ ಸರಿಯಾದ ಸಮಯ ಯಾವುದು? ಅದನ್ನು ಯಾರೂ ಹೇಳಲಿಲ್ಲ.

ಗಂಡನ ಪ್ರಶ್ನೆ ಚುನಾವಣೆ ಬರುವ ಮೊದಲೇ ಈ ನೆಲದಲ್ಲಿ ಕೇಳಿಸಿದೆ. ಹನ್ನೆರಡನೇ ಶತಮಾನದಲ್ಲಿ ಉಡುತಡಿಯಿಂದ ನಡೆದು ಇಂದಿನ ಬಸವಕಲ್ಯಾಣವಾದ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಅನುಭವ ಮಂಟಪದ ಬಾಗಿಲಲ್ಲಿ ಎದುರಾದ ಪರೀಕ್ಷೆಯನ್ನು 'ಶೂನ್ಯಸಂಪಾದನೆ' ವಿಸ್ತಾರವಾಗಿ ಕಟ್ಟಿಕೊಡುತ್ತದೆ. ಅಲ್ಲಮಪ್ರಭು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದವು ಎರಡು. ನಿನ್ನ ಪತಿ ಯಾರು ಎಂಬುದು ಒಂದು. ಉಡುಗೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬುದು ಇನ್ನೊಂದು. ಅಲ್ಲಮನ ಉದ್ದೇಶ ಅವಮಾನವಲ್ಲ, ಅವಳ ನಿಲುವನ್ನು ಶರಣ ಸಮೂಹದ ಮುಂದೆ ಬೆಳಗಿಸುವುದು. ಉತ್ತರ ಕೇಳಿ ಮಂಟಪ ಅವಳಿಗೆ ತಲೆಬಾಗಿತು. ಗಮನಿಸಬೇಕಾದ್ದು ಇಷ್ಟೇ: ಸಾರ್ವಜನಿಕ ಸಭೆಗೆ ಕಾಲಿಟ್ಟ ಹೆಣ್ಣಿನ ಜ್ಞಾನಕ್ಕೂ ಮೊದಲು ಗಂಡನ ಮಾತು, ಬಟ್ಟೆಯ ಮಾತು ಬಂತು. ಕಲ್ಯಾಣದ ಮಂಟಪ ಆ ಪ್ರಶ್ನೆಗಳನ್ನು ದಾಟಿತು. ಇಂದಿನ ಚುನಾವಣಾ ಕಣ ಇನ್ನೂ ಅಲ್ಲೇ ನಿಂತಿದೆ.

ಇದೇ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ ಚಾಲುಕ್ಯರ ಮನೆತನದಲ್ಲಿ ಹನ್ನೊಂದನೇ ಶತಮಾನದಲ್ಲಿ ಅಕ್ಕಾದೇವಿ ಇದ್ದಳು. ಇಮ್ಮಡಿ ಜಯಸಿಂಹನ ಅಕ್ಕ. ಕಿಸುಕಾಡು ಮುಂತಾದ ನಾಡುಗಳನ್ನು ಆಳಿದವಳು, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು. ಶಾಸನಗಳು ಅವಳನ್ನು ಗುಣದಬೆಡಂಗಿ ಎಂದೂ ರಣಭೈರವಿ ಎಂದೂ ಕರೆಯುತ್ತವೆ. ಅಂಥ ಹೆಸರು ಪಡೆದ ನೆಲದಲ್ಲಿ ಇಂದು ಎಷ್ಟು ಹೆಂಗಸರು ಗೆದ್ದಿದ್ದಾರೆ? 2004ರಿಂದ ಬಸವಕಲ್ಯಾಣದಲ್ಲಿ ಗೆದ್ದವರು ಮಲ್ಲಿಕಾರ್ಜುನ ಖೂಬಾ, ಬಸವರಾಜ ಪಾಟೀಲ ಅಟ್ಟೂರ, ನಾರಾಯಣರಾವ್, ಶರಣು ಸಲಗರ. ಪಕ್ಕದ ಹುಮನಾಬಾದ್‌ನಲ್ಲಿ ಇತ್ತೀಚಿನ ಚುನಾವಣೆಗಳಲ್ಲಿ ಗೆದ್ದವರು ರಾಜಶೇಖರ ಪಾಟೀಲ ಮತ್ತು ಸಿದ್ದು ಪಾಟೀಲ. 2023ರಲ್ಲಿ ಬೀದರ್ ಜಿಲ್ಲೆಯ ಆರೂ ಕ್ಷೇತ್ರಗಳಲ್ಲಿ ಗಂಡಸರೇ ಆರಿಸಿಬಂದರು.

ಬಟ್ಟೆಯ ಪ್ರಶ್ನೆಗೆ ಬಂದರೆ, ಅದಕ್ಕೆ ಮೂಡಿಗೆರೆಯ ನಯನಾ ಮೋಟಮ್ಮ ಇತ್ತೀಚಿನ ಸಾಕ್ಷಿ. ವೃತ್ತಿಯಲ್ಲಿ ವಕೀಲೆ. ತಾಯಿ ಮೋಟಮ್ಮ ಮಾಜಿ ಸಚಿವೆ, ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯಾಗಿದ್ದವರು. 2023ರ ಚುನಾವಣೆಯಲ್ಲಿ ನಯನಾ ಅವರ ಖಾಸಗಿ ಫೋಟೊ, ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಗೆಳೆಯರ ಜೊತೆಗಿನ ಪ್ರವಾಸ, ಆಧುನಿಕ ಉಡುಗೆ, ನಗು. ಇಂಥವರು ಕ್ಷೇತ್ರ ನೋಡಿಕೊಳ್ಳುತ್ತಾರೆಯೇ ಎಂಬುದು ಅದರ ಹಿಂದಿನ ಮಾತು. ಅವರು 722 ಮತಗಳಿಂದ ಗೆದ್ದರು. ಗೆದ್ದ ಮೇಲೆ ಆ ದೃಶ್ಯಗಳನ್ನು ತಾವೇ ಜಾಲತಾಣದಲ್ಲಿ ಹಾಕಿ, ತಮ್ಮ ಖಾಸಗಿ ಬದುಕಿಗೂ ಶಾಸಕಿಯ ಕೆಲಸಕ್ಕೂ ಸಂಬಂಧ ಕಟ್ಟಬೇಡಿ ಎಂದು ಉತ್ತರಿಸಿದರು.

ಈಗ ಇನ್ನೊಂದು ಪ್ರಸಂಗ. 2012ರ ಫೆಬ್ರುವರಿ. ವಿಧಾನಸಭೆಯ ಕಲಾಪ ನಡೆಯುತ್ತಿರುವಾಗಲೇ ಸದನದೊಳಗೆ ಅಶ್ಲೀಲ ವಿಡಿಯೊ ನೋಡಿದ ಆರೋಪದ ಪ್ರಕರಣದಲ್ಲಿ ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್ ಎಂಬ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಏಳು ವರ್ಷದ ನಂತರ, 2019ರ ಆಗಸ್ಟ್‌ನಲ್ಲಿ, ಅವರಲ್ಲಿ ಒಬ್ಬರಾದ ಸವದಿ ಉಪಮುಖ್ಯಮಂತ್ರಿಯಾದರು. ಆಗ ಅವರು ಶಾಸಕರೂ ಆಗಿರಲಿಲ್ಲ. 2018ರಲ್ಲಿ ಅಥಣಿಯಲ್ಲಿ ಸೋತಿದ್ದರು. ಸಿ.ಸಿ. ಪಾಟೀಲ ಮತ್ತೆ ಸಚಿವರಾದರು. ಸದನದೊಳಗಿನ ನಡತೆಯ ಆರೋಪ ಕೆಲವೇ ವರ್ಷಗಳಲ್ಲಿ ಮರೆತುಹೋಗುತ್ತದೆ. ಸದನದ ಹೊರಗೆ, ರಜೆಯ ದಿನ, ಹೆಣ್ಣುಮಗಳು ತೊಟ್ಟ ಬಟ್ಟೆ ಮತ ಎಣಿಕೆಯ ದಿನದವರೆಗೂ ಮರೆತುಹೋಗುವುದಿಲ್ಲ.

ಸಾಮರ್ಥ್ಯದ ಮಾತು ಇನ್ನೂ ವಿಚಿತ್ರ. 2024ರ ಮಾರ್ಚ್‌ನಲ್ಲಿ ದಾವಣಗೆರೆಯ ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ, ಬಿಜೆಪಿ ಅಭ್ಯರ್ಥಿ ಗಾಯಿತ್ರಿ ಸಿದ್ದೇಶ್ವರ ಅವರಿಗೆ ಮಾತಾಡಲು ಬಾರದು, ಅಡುಗೆ ಮಾಡುವುದಕ್ಕಷ್ಟೇ ಲಾಯಕ್ಕು ಎಂಬರ್ಥದಲ್ಲಿ ಟೀಕಿಸಿದರು. ಆ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಎದುರಿಗಿದ್ದವರು ಪ್ರಭಾ ಮಲ್ಲಿಕಾರ್ಜುನ, ಶಾಮನೂರರ ಸ್ವಂತ ಸೊಸೆ. ಅಂದರೆ ಮಾತು ತಾಗಿದ್ದು ಎದುರಾಳಿಗೆ ಮಾತ್ರವಲ್ಲ. ಎದುರಾಳಿ ಗಂಡಸಾಗಿದ್ದರೆ ಅನುಭವ ಸಾಲದು ಎನ್ನುತ್ತಿದ್ದರು, ಕ್ಷೇತ್ರಕ್ಕೆ ಏನೂ ಮಾಡಿಲ್ಲ ಎನ್ನುತ್ತಿದ್ದರು. ಹೆಂಗಸಾದದ್ದರಿಂದ ಮಾತು ನೇರ ಅಡುಗೆಮನೆಗೆ ಹೋಯಿತು. ಪ್ರಭಾ 26 ಸಾವಿರ ಮತಗಳ ಅಂತರದಿಂದ ಗೆದ್ದು ಸಂಸದೆಯಾದರು.

ಅದೇ ಚುನಾವಣೆಯಲ್ಲಿ ಬೆಳಗಾವಿಯಲ್ಲಿ ಮಾಜಿ ಶಾಸಕ ಸಂಜಯ ಪಾಟೀಲ, ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರಿಗೆ ನಿದ್ದೆ ಬರಬೇಕಾದರೆ ಒಂದು ಪೆಗ್ ಹೆಚ್ಚು ಬೇಕಾದೀತು ಎಂಬ ಧಾಟಿಯಲ್ಲಿ ಭಾಷಣ ಮಾಡಿ ಪ್ರಕರಣ ಎದುರಿಸಿದರು. ಹೆಬ್ಬಾಳಕರ 2018 ಮತ್ತು 2023ರಲ್ಲಿ ಬೆಳಗಾವಿ ಗ್ರಾಮೀಣ ಕ್ಷೇತ್ರದಲ್ಲಿ ಗೆದ್ದವರು, ರಾಜ್ಯ ಸಂಪುಟದ ಏಕೈಕ ಮಹಿಳಾ ಸಚಿವೆಯಾಗಿ ಪ್ರಮಾಣವಚನ ಸ್ವೀಕರಿಸಿದವರು. ಅವರ ಇಲಾಖೆಯ ಬಗ್ಗೆ, ಗೃಹಲಕ್ಷ್ಮಿ ಯೋಜನೆಯ ಹಣ ತಡವಾದದ್ದರ ಬಗ್ಗೆ ಎಷ್ಟು ಬೇಕಾದರೂ ತರಾಟೆಗೆ ತೆಗೆದುಕೊಳ್ಳಬಹುದು. ತೆಗೆದುಕೊಳ್ಳಲೇಬೇಕು. ಅದು ವಿರೋಧ ಪಕ್ಷದ ಕೆಲಸ. ಪೆಗ್ಗಿನ ಮಾತಿನಿಂದ ಯಾವ ಫಲಾನುಭವಿಗೂ ಎರಡು ಸಾವಿರ ರೂಪಾಯಿ ಬೇಗ ತಲುಪುವುದಿಲ್ಲ.

ದೊಡ್ಡ ಹುದ್ದೆಗೆ ಹೋದಷ್ಟೂ ಈ ಕಾಟ ತಗ್ಗುವುದಿಲ್ಲ. ಶ್ರೀಲಂಕಾದ ಸಿರಿಮಾವೊ ಬಂಡಾರನಾಯಕೆ 1960ರಲ್ಲಿ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾಗುವ ಮುನ್ನ ವಿರೋಧಿಗಳು ಅವರನ್ನು ಅಳುವ ವಿಧವೆ ಎಂದು ಹಂಗಿಸಿದರು. ಇಂದಿರಾ ಗಾಂಧಿಯವರನ್ನು ರಾಮಮನೋಹರ ಲೋಹಿಯಾ ಮೂಕ ಗೊಂಬೆ ಎಂದರು. ಆಸ್ಟ್ರೇಲಿಯಾದ ಜೂಲಿಯಾ ಗಿಲಾರ್ಡ್ ಅವರಿಗೆ ಮಕ್ಕಳಿಲ್ಲದ್ದನ್ನೇ ಒಬ್ಬ ಸೆನೆಟರ್ ಅನರ್ಹತೆಯನ್ನಾಗಿ ಎತ್ತಿ ಆಡಿದ. ಪ್ರಧಾನಿಯಾದ ಮೇಲೆ, 2012ರ ಅಕ್ಟೋಬರ್‌ನಲ್ಲಿ, ಅವರು ಸಂಸತ್ತಿನಲ್ಲಿ ಇಂಥ ಮಾತುಗಳಿಗೆ ಉತ್ತರ ಕೊಟ್ಟ ಭಾಷಣ ದೇಶ ದೇಶಗಳಲ್ಲಿ ಓಡಾಡಿತು.

ಮತ್ತೆ ನಮ್ಮ ರಾಜ್ಯಕ್ಕೇ ಬಂದರೆ, 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದರು. ಇಬ್ಬರೂ ರಾಷ್ಟ್ರ ನಾಯಕಿಯರು. ಗಣಿ, ಬರ, ತುಂಗಭದ್ರೆಯ ನೀರು, ಮಾತಾಡಲು ವಿಷಯಕ್ಕೇನೂ ಬರವಿರಲಿಲ್ಲ. ಆದರೆ ಚುನಾವಣೆಗೆ ಬಿದ್ದ ಹೆಸರು ವಿದೇಶಿ ಸೊಸೆ ಮತ್ತು ಸ್ವದೇಶಿ ಮಗಳು. ಕುಂಕುಮ, ಸೀರೆ, ವರಮಹಾಲಕ್ಷ್ಮಿ ವ್ರತ ಪತ್ರಿಕೆಗಳ ಮುಖಪುಟಕ್ಕೆ ಬಂದವು. ಇಬ್ಬರು ಗಂಡಸರು ನಿಂತಿದ್ದರೆ ಅಳಿಯ ಮತ್ತು ಮಗನ ಕಾಳಗ ಎಂದು ಯಾರೂ ಕರೆಯುತ್ತಿರಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಗೆದ್ದ ಹೆಂಗಸರಲ್ಲಿ ಬಹಳಷ್ಟು ಮಂದಿ ರಾಜಕೀಯ ಮನೆತನದವರೇ ಅಲ್ಲವೇ ಎಂಬುದು. ಹೌದು. 2023ರ ಸಾರ್ವತ್ರಿಕ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ. ಅವರಲ್ಲಿ ಕಲಬುರಗಿ ಉತ್ತರದ ಕನೀಜ್ ಫಾತಿಮಾ ಮಾಜಿ ಸಚಿವ ಖಮರುಲ್ ಇಸ್ಲಾಂ ಅವರ ಪತ್ನಿ. ಪತಿ ತೀರಿಕೊಂಡ ಮೇಲೆ 2018ರಲ್ಲಿ ಕಣಕ್ಕಿಳಿದವರು. ಮಹದೇವಪುರದ ಮಂಜುಳಾ ಲಿಂಬಾವಳಿಗೆ ಟಿಕೆಟ್ ಬಂದದ್ದು ಪತಿಗೆ ಟಿಕೆಟ್ ತಪ್ಪಿದಾಗ. ರೂಪಕಲಾ ಶಶಿಧರ್, ನಯನಾ ಮೋಟಮ್ಮ, ಲತಾ ಮಲ್ಲಿಕಾರ್ಜುನ್ ರಾಜಕಾರಣಿಗಳ ಮಕ್ಕಳು. ಹತ್ತರಲ್ಲಿ ಐವರು. ಆದರೆ ಪಕ್ಷಗಳು ಹೆಣ್ಣಿಗೆ ತೆರೆದಿಟ್ಟ ಬಾಗಿಲು ಬಹುತೇಕ ಅದೊಂದೇ. ಮನೆತನವಿಲ್ಲದಿದ್ದರೆ ಗೆಲ್ಲುವ ಶಕ್ತಿ ಇಲ್ಲ ಎನ್ನುವವರೇ, ಮನೆತನದ ಮೂಲಕ ಬಂದರೆ ಸ್ವಂತ ಶಕ್ತಿ ಇಲ್ಲ ಎನ್ನುತ್ತಾರೆ.

ದಿಕ್ಕು ತಿರುಗಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ನಿಪ್ಪಾಣಿಯ ಶಶಿಕಲಾ ಜೊಲ್ಲೆ 2013ರಲ್ಲೇ ಶಾಸಕಿ. ಅವರ ಪತಿ ಅಣ್ಣಾಸಾಹೇಬ ಜೊಲ್ಲೆ ಚಿಕ್ಕೋಡಿಯಿಂದ ಸಂಸದರಾದದ್ದು 2019ರಲ್ಲಿ. ಹೆಂಡತಿಯ ಹೆಸರಿನಿಂದ ಬಂದವರು ಎಂಬುದು ಅವರ ಮೇಲಿನ ಮುಖ್ಯ ಆರೋಪವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಅದೇ ಔದಾರ್ಯ ಮಾಲಾ ನಾರಾಯಣರಾವ್ ಅವರಿಗೂ ಸಲ್ಲಬೇಕಿತ್ತು.

ಇದೇ ತಾರತಮ್ಯವನ್ನು ಕಾಗದದ ಮೇಲೆ ಕಾಣಲು ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವನ್ನು ತೆಗೆದು ನೋಡಬಹುದು. ಮೊದಲ ಸಾಲಿನಲ್ಲೇ ಅಭ್ಯರ್ಥಿ ಯಾರ ಮಗ, ಯಾರ ಮಗಳು, ಯಾರ ಹೆಂಡತಿ ಎಂದು ಬರೆಯಬೇಕು. ಯಾರ ಗಂಡ ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಕೆಳಗೆ ಆಸ್ತಿ, ಸಾಲ, ಪ್ರಕರಣ, ಓದು. ಗಂಡ ಹೆಂಡತಿ ಇಬ್ಬರ ಆಸ್ತಿಯ ವಿವರವೂ ಬೇಕು. ಸಂಗಾತಿಯ ಹಣದ ಲೆಕ್ಕ ಎರಡೂ ಕಡೆಯವರು ಕೊಡಬೇಕು, ಸಂಗಾತಿಯ ಹೆಸರಿನಿಂದ ಗುರುತಿಸಿಕೊಳ್ಳುವುದು ಮಾತ್ರ ಒಂದು ಕಡೆಯವರ ಪಾಲಿಗೆ.

ಹಳ್ಳಿಯ ಮಟ್ಟದಲ್ಲಿ ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ರಾಜ್ಯ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಸಚಿವರಾಗಿದ್ದಾಗ ಬಂದ 1983ರ ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಮೀಸಲು ಕೊಟ್ಟಿತು. 1987ರಲ್ಲಿ ಮಂಡಲ ಪಂಚಾಯತ್ ಮತ್ತು ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಯಿತು. ದೇಶಕ್ಕೆ 73ನೇ ತಿದ್ದುಪಡಿ ಬಂದದ್ದು ಅದಾದ ಆರು ವರ್ಷಕ್ಕೆ. 2010ರಲ್ಲಿ ರಾಜ್ಯ ಆ ಪಾಲನ್ನು ಶೇ 50ಕ್ಕೆ ಏರಿಸಿತು.

ಆದ್ದರಿಂದ ಮುಡಬಿ ಸೀಮೆಯ ಊರುಗಳಲ್ಲಿ ಪಂಚಾಯಿತಿಯ ಅಧ್ಯಕ್ಷೆ, ಸದಸ್ಯೆ ಎಂಬುದು ಈಗ ಯಾರಿಗೂ ಹೊಸದಲ್ಲ. ಆದರೆ ಕಟ್ಟೆಯ ಮೇಲಿನ ಮಾತು ಹಳೆಯದೇ: ಅಕ್ಕಾರು ಆರಿಸಿ ಬಂದಾರ, ಖರೇ, ಆದ್ರ ನಡಸೋರು ಯಾರು? ಈ ಮಾತಿಗೆ ಆಧಾರವಿಲ್ಲದಿಲ್ಲ. ಹೆಂಡತಿಯ ಕುರ್ಚಿಯ ಪಕ್ಕ ಗಂಡನ ಕುರ್ಚಿ ಬೀಳುವುದು ದೇಶದ ಅನೇಕ ಕಡೆ ಇದೆ. ಅದನ್ನು ತಡೆಯುವ ಬಗೆ ಹೇಳಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಸಮಿತಿಯನ್ನೇ ರಚಿಸಬೇಕಾಯಿತು. ಆದರೆ ಕೈಗೊಂಬೆ ಎಂಬ ಬೈಗುಳ ಬೀಳುವುದು ಹೆಂಡತಿಗೆ. ಸಹಿಯ ಪುಸ್ತಕ ಕಸಿದುಕೊಂಡ ಗಂಡನನ್ನು ಊರು ಅಧ್ಯಕ್ಷರೇ ಎಂದೇ ಕರೆದು ಚಹಾ ಕೊಡುತ್ತದೆ.

ಪಂಚಾಯಿತಿಯಿಂದ ವಿಧಾನಸೌಧಕ್ಕೆ ಹೋಗುವ ಏಣಿಯಲ್ಲಿ ನಡುವಿನ ಮೆಟ್ಟಿಲು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ. ಹಳ್ಳಿಯಲ್ಲಿ ಕೆಲಸ ಕಲಿತ ಹೆಣ್ಣುಮಗಳು ಗಂಡನ ಹೆಸರಿನ ಹಂಗಿಲ್ಲದೆ ಹತ್ತು ಹದಿನೈದು ಊರಿಗೆ ಪರಿಚಯವಾಗುವುದು ಅಲ್ಲಿ. ಅಧಿಕಾರಿಗಳ ಜೊತೆ ಜಗಳವಾಡಿ ಕಾಮಗಾರಿ ತರುವುದನ್ನು, ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದನ್ನು ಕಲಿಯುವುದೂ ಅಲ್ಲಿಯೇ. ರಾಜ್ಯದಲ್ಲಿ ಈ ಎರಡು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲು ಪಟ್ಟಿ, ಕೋರ್ಟು ಎನ್ನುತ್ತ ವರ್ಷಗಳು ಉರುಳಿದವು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ಚುನಾವಣೆ ಮುಂದಕ್ಕೇ ಹೋಯಿತು. ಅರ್ಧದಷ್ಟು ಮಹಿಳೆಯರೇ ಇರಬೇಕಿದ್ದ ಸಭಾಂಗಣಗಳಲ್ಲಿ ಆಡಳಿತಾಧಿಕಾರಿಗಳು ಕೂತರು.

ವಿಧಾನಸಭೆಯ ಲೆಕ್ಕಕ್ಕೆ ಬಂದರೆ, 1962ರಲ್ಲಿ ಮೈಸೂರು ರಾಜ್ಯದ 208 ಸ್ಥಾನಗಳ ವಿಧಾನಸಭೆಗೆ 18 ಮಹಿಳೆಯರು ಗೆದ್ದು ಬಂದಿದ್ದರು. 1972ರಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ಸಭಾಧ್ಯಕ್ಷೆಯಾಗಿ ಆರು ವರ್ಷ ಆ ಪೀಠದಲ್ಲಿದ್ದರು. ಅವರ ನಂತರ ಆ ಪೀಠಕ್ಕೆ ಇನ್ನೊಬ್ಬ ಮಹಿಳೆ ಬರಲಿಲ್ಲ. ಮುಖ್ಯಮಂತ್ರಿಯ ಕುರ್ಚಿಗೆ ಕರ್ನಾಟಕದಲ್ಲಿ ಒಬ್ಬ ಮಹಿಳೆಯೂ ಏರಿಲ್ಲ. ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಮುಖ್ಯಮಂತ್ರಿಯಾದದ್ದು ತಮಿಳುನಾಡಿನಲ್ಲಿ. 2023ರಲ್ಲಿ ರಾಜ್ಯದ ಮೂರು ದೊಡ್ಡ ಪಕ್ಷಗಳಲ್ಲಿ ಯಾವುದೂ ಇಪ್ಪತ್ತು ಮಹಿಳೆಯರಿಗೂ ಟಿಕೆಟ್ ಕೊಡಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಸ್ಥಾನ ಮಹಿಳೆಯರಿಗೆ ಮೀಸಲಿಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿತು. ಈಗಿರುವ 224ರ ಲೆಕ್ಕದಲ್ಲಿ ಅದು ಸುಮಾರು 75 ಸ್ಥಾನ. ಬೀದರ್ ಜಿಲ್ಲೆಯ ಆರರಲ್ಲಿ ಎರಡು. ಆ ಎರಡು ಹೆಸರುಗಳನ್ನು ಪಕ್ಷಗಳು ಚುನಾವಣೆಯ ಹಿಂದಿನ ರಾತ್ರಿ ಯಾರದೋ ಹೆಂಡತಿ, ಯಾರದೋ ಮಗಳು ಎಂದು ಹುಡುಕಿದರೆ ಪಂಚಾಯಿತಿಯ ಕಥೆಯೇ ವಿಧಾನಸೌಧದಲ್ಲೂ ನಡೆಯುತ್ತದೆ. ಜಿಲ್ಲಾ ಪಂಚಾಯಿತಿ ಚುನಾವಣೆಗೆ, ಒಮ್ಮೆ ಸೋತ ಹೆಣ್ಣುಮಗಳಿಗೆ ಎರಡನೇ ಟಿಕೆಟ್ ಕೊಡುವುದಕ್ಕೆ, ಅಭ್ಯರ್ಥಿಯ ಸೀರೆಯ ಬಗ್ಗೆ ಮಾತಾಡಿದ ತನ್ನ ಮುಖಂಡನಿಗೆ ನೋಟಿಸ್ ಕೊಡುವುದಕ್ಕೆ ಯಾವ ಪಕ್ಷವೂ ಜನಗಣತಿಗೆ ಕಾಯಬೇಕಿಲ್ಲ.